ಕೊರಿನ್ ಕಳಿಸಿದ ಫೈಲು

ನಮ್ಮೂರ ಗೋಧಿ ಗೋದಾಮಿನಲ್ಲಿ ಲಾರಿ ತೂಗಿಸುವ ಕೆಲಸ ಆರ್ಡಿತ್ ಹೋವ್ಲಂಡಳದು. ಕೊಯ್ಲಿನ ಕಾಲದಲ್ಲಿ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಜನವರಿಯಲ್ಲಿ ದಿನಕ್ಕೆ ಎರಡು ಲಾರಿ ಬಂದರೆ ಹೆಚ್ಚು. ಹೊರಗೆ ನಾರ್ತ್ ಡಕೋಟದ ಗಾಳಿ. ಒಳಗೆ ಹೀಟರು, ಕಂಪ್ಯೂಟರು, ಅವಳು.

ತಾಯಿಯನ್ನು ಮಣ್ಣು ಮಾಡಿದ ದಿನ ಜಗಳವಾಡಿ ಹೋದ ತಂಗಿ ಕೊರಿನ್ ಒಂಬತ್ತು ವರ್ಷ ಮಾತೇ ಆಡಿರಲಿಲ್ಲ. ಎರಡು ವರ್ಷದ ಹಿಂದೆ ಒರೆಗಾನ್‌ನಿಂದ ಅವಳ ಇಮೇಲ್ ಬಂತು. "ಇಲ್ಲಿ ಮಳೆ. ನಾನು ಚೆನ್ನಾಗಿದ್ದೀನಿ. ನೀನು?" ಅಷ್ಟೇ. ಜೊತೆಗೊಂದು ಫೈಲು. ಎಷ್ಟು ಒತ್ತಿದರೂ ತೆರೆಯಲಿಲ್ಲ.

ಫೋಟೊ ಇರಬೇಕು ಎಂದುಕೊಂಡಳು ಆರ್ಡಿತ್. ತೆರೆಯಲು ಬರಲಿಲ್ಲ ಎನ್ನಲು ನಾಚಿಕೆ. ತಂಗಿ ಬೇಸತ್ತು ಮತ್ತೆ ಸುಮ್ಮನಾದರೆ ಎಂಬ ಅಳುಕು ಬೇರೆ. "ಫೋಟೊ ಚೆನ್ನಾಗಿದೆ" ಎಂದು ಬರೆದಳು. ತಿಂಗಳಿಗೊಂದು ಇಮೇಲ್, ಪ್ರತಿ ಸಲವೂ ಅಂಥದೇ ಫೈಲು. ಒರೆಗಾನ್ ಎಂದರೆ ಸಮುದ್ರದ ಫೋಟೊನೇ ಇರಬೇಕೆಂದು ಇವಳೂ ಕಾಣದ ಸಮುದ್ರವನ್ನು ಹೊಗಳುತ್ತ ಹೋದಳು.

ಈ ಜನವರಿಯಲ್ಲಿ ಬಂದದ್ದು: "ಆಪರೇಷನ್ ಆಯ್ತು. ಸೋಮವಾರದಿಂದ ಕೆಲಸಕ್ಕೆ ಹೋಗ್ತಿದ್ದೀನಿ."

ಯಾವ ಆಪರೇಷನ್? ಹಾಗಾದರೆ ಅವು ಫೋಟೊ ಅಲ್ಲ, ಪತ್ರ; ಎಲ್ಲ ಆ ಫೈಲುಗಳಲ್ಲಿ ಬರೆದಿರುತ್ತಾಳೆ. ಆರ್ಡಿತ್ ಅಂತರ್ಜಾಲದಲ್ಲಿ ಕಂಪ್ಯೂಟರ್ ತೊಂದರೆಗಳನ್ನು ಕೇಳುವ ಒಂದು ಫೋರಂ ಹುಡುಕಿ, ನಡೆದದ್ದನ್ನೆಲ್ಲ ಬರೆದಳು.

ಮೊದಲ ಉತ್ತರ ಹತ್ತು ನಿಮಿಷಕ್ಕೆ ಬಂತು: "ಇದನ್ನೇ ಸಾವಿರ ಜನ ಕೇಳಿದ್ದಾರೆ. ಹುಡುಕಿ ಓದೋಕೇನು ಕಷ್ಟ?"

ಮರುದಿನ ಡೆಲ್ಬರ್ಟ್ ಎಂಬುವನು ಬರೆದ: "ಅವನ ಮಾತು ಬಿಡಿ ಮೇಡಂ, ಅವನು ಎಲ್ಲರಿಗೂ ಹಾಗೇ. ನನಗೆ ಕಳಿಸಿ, ನೋಡ್ತೀನಿ."

ಮನೆಯ ಪತ್ರವನ್ನು ಪರರಿಗೆ ಕೊಡುವುದೇ? ಊಟದ ಹೊತ್ತಿನವರೆಗೆ ಯೋಚಿಸಿದಳು. ಆಮೇಲೆ ಇಪ್ಪತ್ಮೂರು ಫೈಲುಗಳನ್ನೂ ಕಳಿಸಿಬಿಟ್ಟಳು.

"ಎಲ್ಲ ನೋಡಿದೆ ಮೇಡಂ," ಎಂದು ಬಂತು ಉತ್ತರ. "ಯಾವುದರಲ್ಲೂ ಏನೂ ಇಲ್ಲ. ನಿಮ್ಮ ತಂಗಿ ಆಫೀಸಿನ ಕಂಪ್ಯೂಟರಿಂದ ಬರೀತಾರೆ ಅನ್ಸುತ್ತೆ. ಅಕ್ಷರದ ಅಳತೆ, ಬಣ್ಣ ಇಂಥದ್ದನ್ನೆಲ್ಲ ಆ ಪ್ರೋಗ್ರಾಮು ತಾನಾಗಿ ಕಟ್ಟಿ ಕಳಿಸುತ್ತೆ. ಬರೀ ಹೊದಿಕೆ. ಅದು ಹೋಗ್ತಿದೆ ಅಂತ ಅವರಿಗೂ ಗೊತ್ತಿರಲ್ಲ."

ಸಮಸ್ಯೆ ಬಗೆಹರಿಯಿತೇ ಎಂದು ಫೋರಂ ಕೇಳಿತು. ಆರ್ಡಿತ್ 'ಹೌದು' ಒತ್ತಿದಳು. ಆಮೇಲೆ ತಂಗಿ ಕೆಲಸ ಮಾಡುವ ಹಲ್ಲಿನ ಡಾಕ್ಟರ ಆಫೀಸಿಗೆ ಫೋನ್ ಮಾಡಿದಳು.

"ಕೊರಿನ್, ನಾನು."

"ಆರ್ಡಿತ್? ಯಾರಿಗೇನಾಯ್ತು?"

"ಆಗೋಕೆ ಯಾರಿದ್ದಾರೆ, ನಾವಿಬ್ರೇ ತಾನೇ. ನೀನು ಒಂದು ಫೋಟೊನೂ ಕಳಿಸಿಲ್ಲ, ಅಲ್ವಾ?"

"ಇಲ್ಲ."

"ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

"ನಿಂಗೂ ಅಮ್ಮನ ಹಾಗೆ ಮರೆವು ಶುರುವಾಗಿದೆ ಅಂದ್ಕೊಂಡೆ. ಯಾರದೋ ಫೋಟೊ ನೋಡಿ ನಂದು ಅಂತಿದ್ದೀಯ ಅಂತ. ತಪ್ಪು ಅಂದ್ರೆ ಬರೆಯೋದೇ ಬಿಟ್ಟುಬಿಡ್ತೀಯೇನೋ ಅಂತ ಹೆದರಿಕೆ."

ಆರ್ಡಿತ್‌ಗೆ ನಗು ಬಂತು. "ಯಾವ ಆಪರೇಷನ್?"

"ಎದೇದು. ಕ್ಯಾನ್ಸರ್ ಇತ್ತು, ಎಡಗಡೇದು ತೆಗೆದ್ರು."

"ಜೊತೆಗೆ ಯಾರಿದ್ರು?"

"ನರ್ಸ್ ಇದ್ಲು."

"ಬರ್ತೀನಿ."

"ಈ ಹಿಮದಲ್ಲಾ? ಹುಚ್ಚಾ ನಿಂಗೆ? ಬೇಡ. ಯಾರೋ ಬಂದ್ರು, ಇಡ್ತೀನಿ."

ಬೇಡವೆಂದರೂ ಆರ್ಡಿತ್, ಬರುವ ದಿನವನ್ನು ಇಮೇಲಿನಲ್ಲಿ ತಿಳಿಸಿ, ಮರುವಾರ ರೈಲು ಹತ್ತಿದಳು. ಒರೆಗಾನ್‌ನ ಪೋರ್ಟ್‌ಲ್ಯಾಂಡ್ ನಿಲ್ದಾಣದಲ್ಲಿ ನರೆಗೂದಲಿನ ಹೆಂಗಸೊಬ್ಬಳನ್ನು ದಾಟಿ ಹೋಗಿಬಿಟ್ಟಳು. ಹಿಂದಿನಿಂದ ಅವಳೇ "ಆರ್ಡಿತ್" ಎಂದು ಕರೆದಾಗಲೇ ತಿರುಗಿದ್ದು. ಇಬ್ಬರೂ ತಬ್ಬಿಕೊಳ್ಳಲಿಲ್ಲ, ನೋವಾದೀತೆಂದು ಆರ್ಡಿತ್ ಹಿಂಜರಿದಳು, ಕೊರಿನ್ ಅವಳ ಚೀಲ ಎತ್ತಿಕೊಳ್ಳಲು ಕೈಚಾಚಿದಳು.

ಸಂಜೆ ಸೂಪು ಕುಡಿದ ಮೇಲೆ ಕೊರಿನ್ ಬೇಗ ಮಲಗಿದಳು. ಆರ್ಡಿತ್ ಆ ಗೊತ್ತಿಲ್ಲದ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಯಾವುದನ್ನು ಎಲ್ಲಿಡಬೇಕೆಂದು ಒಂದೊಂದೇ ಕಪಾಟು ತೆರೆದು ನೋಡತೊಡಗಿದಳು.