ಎರಡನೆಯ ಮ್ಯಾಟು

ಟೈಲರಕ್ಕನಿಗೆ ಬೀಳುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಹೋದ ವರ್ಷ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಾಗ, ನೋವಿಗಿಂತ ಮೊದಲು ಕಿವಿಗೆ ಬಡಿದದ್ದು ಬೀದಿಯವರ ನಗು. ಎತ್ತುವ ಕೈ ಬಂದದ್ದು ಆಮೇಲೆ. ಮೈ ದಪ್ಪಗಿರುವವರು ಬಿದ್ದರೆ ಜನಕ್ಕೆ ಅದೇನು ತಮಾಷೆಯೋ! ಅಂದಿನಿಂದ ಅಕ್ಕ ಗೋಡೆ ಹಿಡಿದೇ ನಡೆಯುತ್ತಿದ್ದಳು.

ಜೂಡೋ ಟೀಚರಿಗೆ ಹೊಲಿದ ಜೂಡೋ ಬಟ್ಟೆ ಕೊಡಲು ಅವಳ ಕ್ಲಾಸಿಗೆ ಹೋದಾಗ, ಅಲ್ಲಿ ಎಲ್ಲಕ್ಕಿಂತ ಮೊದಲು ಬೀಳುವುದನ್ನೇ ಕಲಿಸುತ್ತಾರೆಂದು ತಿಳಿಯಿತು. ಅಕ್ಕ ಅಂಗಡಿಯ ಬಾಗಿಲು ಹಾಕಿಕೊಂಡು ತನ್ನ ಅಳತೆಗೂ ಒಂದು ಜೊತೆ ಹೊಲಿದುಕೊಂಡಳು, ಸೇರಿಯೇಬಿಟ್ಟಳು.

ಕೂತು ಬೀಳುವುದು, ಉರುಳುವುದು ಬಂತು. ಇನ್ನು ಉಳಿದದ್ದು ನಿಂತಲ್ಲಿಂದ ಹಿಂದಕ್ಕೆ ಬೀಳುವುದು. ಅಕ್ಕನ ಸರದಿ ಬಂದಾಗ ಟೀಚರು ಮೂಲೆಯಲ್ಲಿದ್ದ ಇನ್ನೊಂದು ಮ್ಯಾಟು ಎಳೆದು ತಂದು ಮೊದಲಿನದರ ಮೇಲೆ ಹಾಸಿದಳು. ಬೇರೆ ಯಾರಿಗೂ ಹಾಸಿರಲಿಲ್ಲ.

"ಇದ್ಯಾಕೆ?"

"ಪೆಟ್ಟಾಗ್ಬಾರದಲ್ಲ ಅಕ್ಕಾ."

"ನನಗಾ, ನಿಮ್ಮ ನೆಲಕ್ಕಾ?"

ಅಕ್ಕ ಬೆಲ್ಟು ಬಿಚ್ಚಿ ಬಿಸಾಕಿ, ಗೋಡೆ ಹಿಡಿದುಕೊಂಡು ಹೊರಟುಹೋದಳು.

ಮರುದಿನ ಟೀಚರು ಅಂಗಡಿಗೆ ಬಂದಳು. ಅಕ್ಕ ತಲೆ ಎತ್ತದೆ ಮಿಷನ್ನು ತುಳಿಯುತ್ತಲೇ ಇದ್ದಳು.

"ಏನು, ಹೊಲಿಗೆ ಬಿಟ್ಟುಹೋಯ್ತಾ?"

"ಬೈಸ್ಕೊಳ್ಳೋಕೆ ಬಂದೆ."

"ಬೈಯೋಕೂ ಪುರುಸೊತ್ತಿಲ್ಲ."

ಟೀಚರು ಬಾಗಿಲಲ್ಲೇ ನಿಂತಳು. "ನಮ್ಮಮ್ಮನೂ ನಿಮ್ಮ ಹಾಗೇ, ಮೈಕೈ ತುಂಬ್ಕೊಂಡಿರೋಳು. ಬಚ್ಚಲಲ್ಲಿ ಬಿದ್ದು ಕೈ ಮುರ್ಕೊಂಡ್ಳು. ವಾಸಿಯಾಗಿದೆ, ಆದ್ರೂ ಹೊಸಿಲು ದಾಟಲ್ಲ. ನಿನ್ನೆ ನೀವು ನಿಂತಾಗ ಅವಳೇ ಕಣ್ಮುಂದೆ ಬಂದ್ಳು. ನಂಗೇ ಭಯ ಆಯ್ತು ಅಕ್ಕಾ."

ಮಿಷನ್ನು ನಿಂತಿತು.

"ಊರಿಗೆಲ್ಲಾ ಬೀಳೋದು ಕಲಿಸ್ತೀರಿ. ಅಮ್ಮಂಗೆ?"

"ಇನ್ನೊಂದ್ಸಲ ಕೇಳಕ್ಕೆ ನಂಗೆ ಧೈರ್ಯ ಇಲ್ಲ. ಈ ಮೈ ಇಟ್ಕೊಂಡು ನಾನಾ ಅಂತಾಳೆ."

ಅಕ್ಕ ಹಲ್ಲಿನಲ್ಲಿ ದಾರ ಕಡಿದಳು. "ಸಂಜೆ ಬರ್ತೀನಿ. ಆ ಎರಡನೇ ಮ್ಯಾಟು ಕಣ್ಣಿಗೆ ಬಿದ್ರೆ ನೋಡಿ!"

ಸಂಜೆ ಅಕ್ಕ ಮ್ಯಾಟಿನ ಮೇಲೆ ನಿಂತಳು. ಪಕ್ಕಕ್ಕೆ ಕೈ ಚಾಚಿ ತಡಕಿದಳು. ಹಿಡಿದುಕೊಳ್ಳಲು ಹತ್ತಿರದಲ್ಲಿ ಗೋಡೆಯಿರಲಿಲ್ಲ. ಟೀಚರ ಕಣ್ಣು ತಾನಾಗಿಯೇ ಮ್ಯಾಟಿದ್ದ ಮೂಲೆಯ ಕಡೆ ಹೊರಳಿತು.

"ಹೂಂ?" ಎಂದು ಅಕ್ಕ ಗದರಿದಳು.

ಟೀಚರು ಕೈಕಟ್ಟಿ ನಿಂತುಬಿಟ್ಟಳು. "ಗದ್ದ ಎದೆಗೆ ಒತ್ತಿ. ಉಸಿರು ಬಿಡಿ. ಕೈ ಜೋರಾಗಿ ಮ್ಯಾಟಿಗೆ ಬಡೀರಿ, ಬೆನ್ನಿಗೆ ಪೆಟ್ಟಾಗಲ್ಲ. ಹೋಗಿ ಅಕ್ಕಾ!"

ಅಕ್ಕ ಕೂತಂತೆ ಬಗ್ಗಿ ಬೆನ್ನು ದುಂಡಗೆ ಮಾಡಿ ಹಿಂದಕ್ಕೆ ಹೋದಳು. ಧಡ್! ಎರಡೂ ಕೈ ಮ್ಯಾಟಿಗೆ ಬಡಿದ ಸದ್ದಿಗೆ ಕಿಟಕಿಯ ಗಾಜು ಅದುರಿತು. ಯಾರೂ ನಗಲಿಲ್ಲ. ಎಲ್ಲರೂ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅಷ್ಟು ಗಟ್ಟಿ ಪೆಟ್ಟು ಆ ಕ್ಲಾಸಿನಲ್ಲಿ ಯಾರೂ ಬಡಿದಿರಲಿಲ್ಲ.

ಅಕ್ಕ ಎಲ್ಲಿ ನೋವಿದೆಯೆಂದು ಮೈಯೆಲ್ಲ ಹುಡುಕಿದಳು. ಎಲ್ಲೂ ಇರಲಿಲ್ಲ. ಮಲಗಿದ್ದಲ್ಲೇ ಹೊಟ್ಟೆ ಕುಣಿಯುವಂತೆ ನಕ್ಕಳು.

ಟೀಚರು ಒದ್ದೆ ಕಣ್ಣಲ್ಲೇ ಕೈ ಚಾಚಿದಳು.

"ಬೇಡ, ನಾನೇ ಏಳ್ತೀನಿ," ಎಂದು ಅಕ್ಕ ಮಗ್ಗುಲಾಗಿ, ಮೊಣಕಾಲೂರಿ ಎದ್ದಳು. "ನಾಳೆ ಟೇಪ್ ತಗೊಂಡು ನಿಮ್ಮನೆಗೆ ಬರ್ತೀನಿ. ನಿಮ್ಮಮ್ಮನ ಅಳತೆ ಬೇಕು."