ಅಡ್ಡ ಚಾಚಿದ ಕೈ

ಅಂಬಾಜಿದುರ್ಗದ ತಪ್ಪಲಿನ ಆ ಹಳ್ಳಿಗೆ ಅರವತ್ತೆರಡರಲ್ಲಿ ಕರೆಂಟು ಬಂದಾಗ, ಮುನಿವೆಂಕಟಪ್ಪ ಮೊದಲು ನಡುಮನೆಗೆ ದೀಪ ಹಾಕಿಸಿದ್ದ. ಈಗ ಮಗಳ ಮದುವೆ. ಹೊಗೆ ಕವಿದ ಅಡಿಗೆಮನೆಗೂ ಒಂದು ಬಲ್ಬು ಬೇಕೆಂದು ಹೆಂಡತಿ ಅಕ್ಕಯ್ಯಮ್ಮ ಹಟ ಹಿಡಿದಿದ್ದಳು. ಆಕೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಚಿಂತಾಮಣಿಯ ಕಂಟ್ರಾಕ್ಟರು ಕಳಿಸಿದ ವೈರ್‌ಮನ್ ಸೈಕಲ್ಲಿನಲ್ಲಿ ಬಂದಿಳಿದ. ನೋಡಿದರೆ ತಮ್ಮೂರ ಹೊಲಗೇರಿಯ ಎರ್ರಪ್ಪನ ಮಗ ನಲ್ಲಪ್ಪ!

ನಲ್ಲಪ್ಪ ಸರ್ಕಾರದ ತರಬೇತಿ ಶಾಲೆಯಲ್ಲಿ ಎರಡು ವರ್ಷ ಕಲಿತವನು. ಈ ಮನೆಯ ಕೆಲಸ ಚೊಕ್ಕವಾಗಿ ಮುಗಿದರೆ ನೌಕರಿ ಖಾಯಂ ಎಂದು ಕಂಟ್ರಾಕ್ಟರು ಮಾತು ಕೊಟ್ಟಿದ್ದ.

"ಸರ್ಟಿಫಿಕೇಟು ಹೊಸಿಲು ದಾಟ್ಸಲ್ಲ ಕಣಪ್ಪ," ಎಂದು ಅಕ್ಕಯ್ಯಮ್ಮ ನಕ್ಕಳು.

"ಕಿಟಕಿ ಹತ್ರ ನಿಂತು ಹೇಳ್ಕೊಡ್ಲಿ, ನಮ್ಮ ರಾಮಾಂಜಿ ಕಟ್ತಾನೆ. ಬಿ.ಎ. ಓದಿದೋನಿಗೆ ಎರಡು ತಂತಿ ಕಟ್ಟಾಕೆ ಬರಲ್ವಾ?" ಎಂದ ಮುನಿವೆಂಕಟಪ್ಪ.

ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕುತ್ತಲೇ ಮೂರು ವರ್ಷ ಕಳೆದಿದ್ದ ಮಗ ರಾಮಾಂಜಿನಪ್ಪ, "ನಾನು ಓದಿದ್ದು ರಾಜರ ಕತೆ ಕಣಪ್ಪ, ತಂತಿ ಕತೆಯಲ್ಲ," ಎಂದು ಗೊಣಗಿ ಎದ್ದ.

"ಸಾಮಿ, ಇದು ಕೈ ಕಲ್ತಿರೋ ಕೆಲ್ಸ. ಬಾಯಲ್ಲಿ ಹೇಳಿದ್ರೆ ಬರಲ್ಲ," ಎಂದ ನಲ್ಲಪ್ಪ.

"ಏನೋ, ನಮಗೇ ಪಾಠನಾ? ಹೇಳಿದಷ್ಟು ಮಾಡು. ಇಲ್ದಿದ್ರೆ ಕಂಟ್ರಾಕ್ಟರಿಗೆ ಹೇಳ್ತೀನಿ," ಎಂದು ಮುನಿವೆಂಕಟಪ್ಪ ಗದರಿದ.

ನಲ್ಲಪ್ಪ ಹೊರಗಿನಿಂದ ಅಡಿಗೆಮನೆ ಕಿಟಕಿಯ ಸರಳು ಹಿಡಿದು ನಿಂತ. ನಡುಮನೆಯ ಸ್ವಿಚ್ ಬೋರ್ಡು ಕಂಬದ ಮರೆಯಲ್ಲಿತ್ತು, ಅವನಿಗೆ ಕಾಣುತ್ತಿರಲಿಲ್ಲ.

"ಮೈನು ಕೆಳಕ್ಕೆ ಎಳೆದ್ರಾ ಅಣ್ಣಾ?"

"ದೀಪ ಆರ್ತಲ್ಲ, ಆಯ್ತು ಬಿಡು."

ರಾಮಾಂಜಿನಪ್ಪ ಆರಿಸಿದ್ದು ದೀಪದ ಸ್ವಿಚ್ಚನ್ನು. ಇಡೀ ಮನೆಯ ಕರೆಂಟು ಕಡಿಯುವ ಮೈನು ಹಾಗೇ ಇತ್ತು.

ಒಂದು ವಿಕಾರ ಕೂಗು. ತಂತಿ ಹಿಡಿದ ಕೈ ಬಿಡಿಸಲಾರದೆ ಮಗ ಅದುರುತ್ತಿದ್ದ. ನಲ್ಲಪ್ಪ ಬಾಗಿಲಿಗೆ ಓಡಿಬಂದ. "ಅಮ್ಮಾ ಮುಟ್ಬೇಡಿ! ದಾರಿ ಬಿಡಿ, ಮೈನು ಎಳಿತೀನಿ!"

ಬಾಗಿಲಲ್ಲಿದ್ದ ಅಕ್ಕಯ್ಯಮ್ಮನ ಬಲಗೈ ಅಡ್ಡ ಚಾಚಿಕೊಂಡಿತು. ಯೋಚಿಸಿ ಚಾಚಿದ್ದಲ್ಲ. ಅತ್ತೆ ಕಲಿಸಿದ, ಅತ್ತೆಗೆ ಅವರತ್ತೆ ಕಲಿಸಿದ ಕೈ ಅದು. ನಲವತ್ತು ವರ್ಷ ಆ ಬಾಗಿಲನ್ನು ಕಾದ ಕೈ. ನಲ್ಲಪ್ಪ ಅದನ್ನು ತಳ್ಳಿ ನುಗ್ಗಿ ಮೈನು ಎಳೆಯುವಷ್ಟರಲ್ಲಿ ಅವಳ ಮಗನ ಉಸಿರು ನಿಂತಿತ್ತು.

ಇಳಿಹೊತ್ತಿಗೆ ಪೊಲೀಸ್ ದಫೇದಾರ ಬಂದ, ಕಂಟ್ರಾಕ್ಟರೂ ಬಂದ. ಹೆಣ ಇನ್ನೂ ನಡುಮನೆಯಲ್ಲೇ ಇತ್ತು.

"ಬರ್ಕೊಳ್ಳಿ," ಎಂದು ಮುನಿವೆಂಕಟಪ್ಪ ಗುಡುಗಿದ. "ಈ ನನ್ಮಗನಿಗೆ ಕೆಲ್ಸ ಬರಲ್ಲ. ನನ್ನ ಮಗನ್ನ ಕೊಂದ. ಮೇಲೆ ಮನೆಯೊಳಕ್ಕೂ ನುಗ್ಗಿದ!"

ಕಂಟ್ರಾಕ್ಟರು ನಲ್ಲಪ್ಪನ ಮುಖ ನೋಡಲಿಲ್ಲ. "ನಾಳೆಯಿಂದ ಬರಬೇಡಪ್ಪ," ಎಂದ. ನಲ್ಲಪ್ಪ ಅಂಗಳದಲ್ಲಿ ತಲೆ ತಗ್ಗಿಸಿ ನಿಂತಿದ್ದ. ತಗ್ಗಬೇಕಾದ ತಲೆ ಅದಲ್ಲವೆಂದು ಅಕ್ಕಯ್ಯಮ್ಮನಿಗೆ ಗೊತ್ತಿತ್ತು. ನಾಲ್ಕು ಜನರ ಮುಂದೆ ಗಂಡನ ಮಾತಿಗೆ ಎಂದೂ ಎದುರಾಡದವಳು ಮಗನ ಪಕ್ಕದಿಂದ ಎದ್ದು ಬಂದು ಬಲಗೈಯನ್ನು ದಫೇದಾರನ ಮುಂದೆ ಚಾಚಿದಳು. ಅದರ ಮೇಲೆ ಬೆಳಗಿನ ರಾಗಿಹಿಟ್ಟು ಇನ್ನೂ ಅಂಟಿತ್ತು.

"ಕೆಲ್ಸ ಬಲ್ಲೋನ್ನ ಆಚೆ ನಿಲ್ಸಿದ್ವಿ ಸಾಮಿ. ಉಳಿಸಾಕೆ ಓಡಿ ಬಂದ. ಒಳಕ್ಕೆ ಬಿಡದೇ ಇದ್ದಿದ್ದು ಈ ಕೈ."

"ಲೇ, ಒಳಗೆ ಹೋಗೇ!"

ಅವಳು ಕೈ ಇಳಿಸಲಿಲ್ಲ.

"ಮೊದ್ಲು ಇದನ್ನ ಬರ್ಕೊಳ್ಳಿ," ಎಂದಳು.