ಬೆಳ್ಳಗಾದ ಉಂಗುರ

ಅಣ್ಣನ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೊಳೆಯುತ್ತಿದ್ದ ಮನ್ಸಿ ತಟ್ಟನೆ ನಿಂತ.

“ಹತ್ತು ವರ್ಷ ನಡುಗಿದ ಕೈ. ಈಗ ನೋಡು, ಹೆಂಗೆ ಸುಮ್ನೆ ಬಿದ್ದಿದೆ.”

“ನೀರು ಹಾಕಯ್ಯ,” ಎಂದ ಹೆಣ ತೊಳೆಯುವ ಮುದುಕ. “ಮಧ್ಯಾಹ್ನದ ನಮಾಜಿಗೆ ಒಯ್ಯಬೇಕು.”

ಸತ್ತ ಅಣ್ಣ ಮಹ್ರೂಸ್ ಊರಾಚೆಯ ಕ್ಲೋರಿನ್ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ದುಡಿದವನು. ಅಲ್ಲಿ ಉದ್ದನೆಯ ತೊಟ್ಟಿಗಳ ತಳದಲ್ಲಿ ಪಾದರಸ ಹರಿಯುತ್ತಿತ್ತು, ಅದರ ಮೇಲೆ ಉಪ್ಪುನೀರು. ಕರೆಂಟು ಹಾಯಿಸಿ ಉಪ್ಪನ್ನು ಒಡೆಯುತ್ತಿದ್ದರು. ತಳದಲ್ಲಿ ಗಟ್ಟಿಯಾಗುವ ಪಾದರಸಕ್ಕೆ ಕೆಲಸಗಾರರು ‘ಬೆಣ್ಣೆ’ ಎನ್ನುತ್ತಿದ್ದರು. ಅದನ್ನು ಬಾಚಿ ತೆಗೆಯುವುದು ಮಹ್ರೂಸನ ಪಾಲಿನ ಕೆಲಸ.

*

ಅವನ ಕೈ ನಡುಗಲು ಶುರುವಾದ ವರ್ಷವೇ ಹೆಂಡತಿ ಸನಿಯ್ಯಾಳ ಮದುವೆ ಉಂಗುರ ಬೆಳ್ಳಗಾಯಿತು. ಅವಳು ಅಕ್ಕಸಾಲಿಗನ ಅಂಗಡಿಗೆ ನುಗ್ಗಿದಳು.

“ಕಳ್ಳ! ತವರ ಕೊಟ್ಟು ಚಿನ್ನ ಅಂದ್ಯಾ?”

ಅವನು ಉಂಗುರ ತಿಕ್ಕಿ ನೋಡಿದ. “ಚಿನ್ನಾನೇ ತಾಯಿ. ಪಾದರಸ ಕುಡಿದಿದೆ. ಗಂಡನ ಬಟ್ಟೆ ಯಾರು ಒಗೀತಾರೆ?”

“ನಾನೇ! ಇನ್ಯಾರು, ನಿಮ್ಮಮ್ಮನಾ?”

ಮನೆಯಲ್ಲಿ ಮಹ್ರೂಸ್ ನಕ್ಕ. “ಬಿಡೇ, ಬೆಳ್ಳೀನೂ ಚೆನ್ನಾಗೇ ಇದೆ.” ಅವನ ಕೈಯ ಚಹಾ ಲೋಟ ಕುಣಿಯುತ್ತಿತ್ತು. ಚಹಾ ಕಮ್ಮಿ ಮಾಡು ಎಂದಷ್ಟೇ ಕಾರ್ಖಾನೆಯ ಡಾಕ್ಟರು ಹೇಳಿದ್ದರು.

*

ಮಣ್ಣು ಮಾಡಿ ಬಂದು ಗಂಡಸರು ಬಟ್ಟೆಯ ಚಪ್ಪರದಡಿ ಕೂತರು. ಕಾರ್ಖಾನೆಯ ಅಧಿಕಾರಿ ವಗ್ದಿ ಕಾಗದವೊಂದನ್ನು ಬಿಚ್ಚಿದ.

“ಸಹಜ ಸಾವು ಅಂತ ಬರೆದಿದೆ. ಅವರ ಮನೆಯವರದೊಂದು ಹೆಬ್ಬೆಟ್ಟು ಬಿದ್ರೆ ಕಡತ ಮುಚ್ಚಿದ ಹಾಗೆ.”

“ಬೆಣ್ಣೆ ತಿಂದು ಸತ್ತ ಅಂತ ಬರೀರಿ, ನಾನೇ ಒತ್ತೀನಿ,” ಎಂದ ಮನ್ಸಿ.

“ಕೋಪ ಬೇಡಪ್ಪ. ಪಾದರಸ ಒಂದು ತೊಟ್ಟೂ ನಮ್ಮ ಗೇಟು ದಾಟೋದಿಲ್ಲ.”

ಹೆಂಗಸರ ಕಡೆಯ ಪರದೆ ಸರಿಯಿತು. ಸಕ್ಕರೆಯಿಲ್ಲದ ಸಾವಿನ ಮನೆಯ ಕಾಫಿ ಹಿಡಿದು ಸನಿಯ್ಯಾ ತಾನೇ ಹೊರಬಂದಳು.

“ಅತ್ತಿಗೆ, ಗಂಡಸರಿದ್ದಾರೆ, ಒಳಗೆ ಹೋಗಿ...”

“ಬಾಯಿ ಮುಚ್ಚು ಮನ್ಸಿ.”

ಅವಳು ಉಂಗುರ ಕಳಚಿ ಕಾಫಿ ಕಪ್ಪಿನ ಬಸಿಯಲ್ಲಿಟ್ಟು ವಗ್ದಿಯ ಮುಂದೆ ಚಾಚಿದಳು.

“ಗೇಟು ದಾಟೋದಿಲ್ವಾ? ಹಾಗಾದ್ರೆ ಇದೇನು, ನಿಮ್ಮಪ್ಪ ನಂಗೆ ಉಡುಗೊರೆ ಕೊಟ್ಟ ಬೆಳ್ಳೀನಾ?”

ವಗ್ದಿ ಕೈ ನೀಡಲಿಲ್ಲ. ಬಸಿ ಅವಳ ಕೈಯಲ್ಲೇ ಉಳಿಯಿತು. ಮಹ್ರೂಸನ ಚಹಾ ಲೋಟದ ಹಾಗೇ ಬಸಿ ಕುಣಿದು, ಉಂಗುರ ಕಪ್ಪಿಗೆ ತಾಗಿ ಕಟಕಟ ಎನ್ನತೊಡಗಿತು. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಒತ್ತಿ ಹಿಡಿದಳು; ಸದ್ದು ನಿಲ್ಲಲಿಲ್ಲ. ಕರಿ ಕಾಫಿ ತುಳುಕಿ, ವಗ್ದಿಯ ಕಾಗದದಲ್ಲಿ ಹೆಬ್ಬೆಟ್ಟಿಗೆಂದು ಖಾಲಿ ಬಿಟ್ಟ ಜಾಗದ ಮೇಲೆ ಹನಿಹನಿಯಾಗಿ ಬೀಳುತ್ತಲೇ ಇತ್ತು.